ಮನೆಬಳಕೆಯ ವಸ್ತುಗಳಿಂದ ಕುಂಬಾರಿಕೆಯ ಸಾಧನಗಳು

ಜೇಡಿಮಣ್ಣನ್ನು ಕತ್ತರಿಸಲು, ತಟ್ಟಲು, ನಯಗೊಳಿಸಲು, ಕೆರೆಯಲು, ಅಳೆಯಲು ಹಾಗೂ ಅಲಂಕರಿಸಲು ಬಳಸುವ ಕೈ ಉಪಕರಣಗಳನ್ನು ಕುಂಬಾರಿಕೆಯ ಸಾಧನಗಳು ಎನ್ನುತ್ತಾರೆ. ತಿಗುರಿ ಮತ್ತು ಆವಿಗೆಗಳನ್ನು ಹೊರತುಪಡಿಸಿದರೆ ಇವುಗಳಲ್ಲಿ ಬಹುಪಾಲನ್ನು ಮನೆಯಲ್ಲಿಯೇ ದೊರೆಯುವ, ಅನೇಕ ವೇಳೆ ಕಸದ ಬುಟ್ಟಿಗೆ ಸೇರಬೇಕಾದ ವಸ್ತುಗಳಿಂದ ಸಿದ್ಧಪಡಿಸಿಕೊಳ್ಳಬಹುದು. ಮಾರುಕಟ್ಟೆಯಲ್ಲಿ ದೊರೆಯುವ ಸಾಧನಗಳ ಆಕಾರಗಳು ಹಲವಾರು. ಆದರೆ ಅವು ಮಾಡುವ ಕೆಲಸಗಳು ಕೆಲವೇ. ಮಣ್ಣಿನ ಯಾವ ಹದದಲ್ಲಿ ಯಾವ ಕೆಲಸ ಆಗಬೇಕು ಎಂಬುದನ್ನು ಅರಿತವರಿಗೆ ತೆಂಗಿನ ಕರಟ, ಸೈಕಲ್ಲಿನ ಕಡ್ಡಿ, ಹಳೆಯ ಪ್ಲಾಸ್ಟಿಕ್ ಕಾರ್ಡುಗಳೇ ಸಾಕಾಗುತ್ತವೆ. ಈ ಅರಿವಿಲ್ಲದೆ ಕೊಂಡ ಬೆಲೆಬಾಳುವ ಸಾಧನವೂ ಪಾತ್ರೆಯನ್ನು ಕೆಡಿಸಬಲ್ಲದು.

ಹಿನ್ನೆಲೆ

ಕುಂಬಾರಿಕೆಯ ಸಾಧನಗಳನ್ನು ಪ್ರತ್ಯೇಕವಾಗಿ ತಯಾರಿಸಿ ಮಾರುವ ಪದ್ಧತಿ ಇತ್ತೀಚಿನದು. ಪ್ರಾಚೀನ ಕಾಲದಿಂದಲೂ ಮಡಕೆ ಮಾಡುವವರು ಸುತ್ತಮುತ್ತ ಸಿಕ್ಕಿದ್ದನ್ನೇ ಬಳಸುತ್ತ ಬಂದಿದ್ದಾರೆ. ಜಪಾನಿನ ಅತಿ ಪುರಾತನ ಮಡಕೆಗಳಿಗೆ ಸಂಬಂಧಿಸಿದ ಸಂಸ್ಕೃತಿಗೆ 'ಜೋಮೋನ್' ಎಂಬ ಹೆಸರಿದೆ. ಹಗ್ಗದ ಗುರುತು ಎಂಬುದು ಆ ಶಬ್ದದ ಅರ್ಥ. ಹೊಸೆದ ಹುರಿಯನ್ನು ಹಸಿಮಣ್ಣಿನ ಮೇಲೆ ಒತ್ತಿ ಅಥವಾ ಉರುಳಿಸಿ ಮೂಡಿಸಿದ ವಿನ್ಯಾಸದಿಂದ ಆ ಹೆಸರು ಬಂದಿತು. ಮೆಡಿಟರೇನಿಯನ್ ಕರಾವಳಿಯ ನವಶಿಲಾಯುಗದ ಜನರು ಕಡಲಚಿಪ್ಪಿನ ಹಲ್ಲುಹಲ್ಲಾದ ಅಂಚನ್ನು ಮಡಕೆಗೆ ಒತ್ತುತ್ತಿದ್ದರು. ಅಮೆರಿಕದ ಪ್ಯೂಬ್ಲೊ ಬುಡಕಟ್ಟಿನ ಕುಂಬಾರ ಸ್ತ್ರೀಯರು ಯುಕ್ಕಾ ಗಿಡದ ಎಲೆಯ ತುದಿಯನ್ನು ಜಗಿದು ನಾರುಮಾಡಿ ಬಣ್ಣದ ಕುಂಚವಾಗಿ ಬಳಸಿದರು.

ಕರ್ನಾಟಕದಲ್ಲಿ ಬ್ರಹ್ಮಗಿರಿ, ಸಂಗನಕಲ್ಲು ಮೊದಲಾದ ನವಶಿಲಾಯುಗದ ನೆಲೆಗಳಲ್ಲಿ ಕೈಯಿಂದ ಮಾಡಿ, ಉಜ್ಜಿ ಹೊಳಪು ಕೊಟ್ಟ ಬೂದುಬಣ್ಣದ ಮಡಕೆಗಳು ದೊರೆತಿವೆ. ಇಂಥ ಹೊಳಪಿಗೆ ಬೇಕಾದದ್ದು ನಯವಾದ ಒಂದು ಹೊಳೆಗಲ್ಲು. ಇಂದಿನ ನಮ್ಮ ಕುಂಬಾರರ ಮನೆಯಲ್ಲಿಯೂ ಸಾಧನಗಳ ಸಂಖ್ಯೆ ಹೆಚ್ಚಿಲ್ಲ: ತಿಗುರಿಯ ಮೇಲಿನ ಮುದ್ದೆಯಿಂದ ಪಾತ್ರೆಯನ್ನು ಬೇರ್ಪಡಿಸಲು ಒಂದು ದಾರ, ಬಾಯಿಯ ಅಂಚನ್ನು ನಯಗೊಳಿಸಲು ಒದ್ದೆ ಬಟ್ಟೆಯ ಚೂರು, ಮಡಕೆಯ ಹೊರಮೈಯನ್ನು ತಟ್ಟಲು ಮರದ ಹಲಗೆ, ಒಳಗಿನಿಂದ ಆನಿಸಿ ಹಿಡಿಯಲು ಒಂದು ಗುಂಡು. ಮಣಿಪುರದ ಆಂದ್ರೊ ಮತ್ತು ಲಾಂಗ್‌ಪಿ ಗ್ರಾಮಗಳ ಸಾಂಪ್ರದಾಯಿಕ ಕುಂಬಾರಿಕೆಯಲ್ಲಿ ತಿಗುರಿಯೂ ಇಲ್ಲ. ಆದುದರಿಂದ ಮನೆಯ ವಸ್ತುಗಳಿಂದ ಸಾಧನ ಮಾಡಿಕೊಳ್ಳುವುದನ್ನು ಬಡವರ ಪರ್ಯಾಯ ಎಂದು ಭಾವಿಸುವುದು ಸರಿಯಲ್ಲ. ಈ ಕಲೆಯ ಮೂಲ ಕ್ರಮವೇ ಅದು.

ಮಣ್ಣಿನ ಹದ

ಸಾಧನದ ಆಯ್ಕೆಗೆ ಮಣ್ಣಿನ ಹದವೇ ಆಧಾರ. ಜೇಡಿಮಣ್ಣಿನ ಕಣಗಳು ಅತಿ ಸೂಕ್ಷ್ಮವಾದ ಚಪ್ಪಟೆ ಬಿಲ್ಲೆಗಳಂತಿವೆ. ಅವುಗಳ ನಡುವಿನ ನೀರಿನ ಪೊರೆಯಿಂದಾಗಿ ಒಂದರ ಮೇಲೊಂದು ಜಾರುತ್ತವೆ. ಮಣ್ಣು ಒತ್ತಿದಂತೆ ಬಗ್ಗಲು ಇದೇ ಕಾರಣ. ಹಸಿಯಾಗಿರುವಾಗ ಮಣ್ಣು ಲೋಹಕ್ಕೆ ಅಂಟುತ್ತದೆ. ಆಗ ಮರ, ಕರಟ, ಬಟ್ಟೆ, ಸ್ಪಂಜು, ತಂತಿ ಇವೇ ಯೋಗ್ಯ. ಕೆಲವು ಗಂಟೆಗಳಿಂದ ಒಂದೆರಡು ದಿನ ನೆರಳಿನಲ್ಲಿಟ್ಟ ಮೇಲೆ ಪಾತ್ರೆ ಕೈಯಲ್ಲಿ ಹಿಡಿದರೆ ಆಕಾರ ಕೆಡದಷ್ಟು ಗಟ್ಟಿಯಾಗುತ್ತದೆ, ಆದರೆ ಉಗುರು ಊರಿದರೆ ಗುರುತು ಬೀಳುತ್ತದೆ. ಇದಕ್ಕೆ 'ಚರ್ಮದ ಹದ' ಎಂದು ಹೆಸರು. ಕೆರೆಯುವುದು, ಹಿಡಿ ಜೋಡಿಸುವುದು, ಕೊರೆಯುವುದು, ಉಜ್ಜಿ ಹೊಳಪು ಕೊಡುವುದು ಎಲ್ಲವೂ ಈ ಹದದ ಕೆಲಸಗಳು. ಮುಟ್ಟಿದರೆ ತಂಪು ತಿಳಿಯದಷ್ಟು, ಪೂರ್ಣವಾಗಿ ಒಣಗಿದ ಮಣ್ಣನ್ನು ಸಾಧನದಿಂದ ಮುಟ್ಟದಿರುವುದೇ ಮೇಲು. ಅದು ಬಿಸ್ಕತ್ತಿನಂತೆ ಮುರಿಯುತ್ತದೆ; ಕೆರೆದರೆ ಏಳುವ ಧೂಳು ಶ್ವಾಸಕೋಶಕ್ಕೆ ಹಾನಿಕರ.

ತಂತಿ ಮತ್ತು ಸೂಜಿ

ಮಣ್ಣಿನ ಗಟ್ಟಿಯನ್ನು ತುಂಡರಿಸಲು ಮತ್ತು ಪಾತ್ರೆಯ ಬುಡವನ್ನು ಬಿಡಿಸಲು ಸುಮಾರು 40ರಿಂದ 50 ಸೆಂ.ಮೀ. ಉದ್ದದ ತಂತಿ ಬೇಕು. ಮೀನು ಹಿಡಿಯುವ ನೈಲಾನ್ ಎಳೆ, ಗಿಟಾರಿನ ತೆಳು ತಂತಿ, ಸೈಕಲ್ಲಿನ ಬ್ರೇಕ್ ಕೇಬಲ್ಲಿನಿಂದ ಬಿಡಿಸಿದ ಒಂದು ಎಳೆ ಇವುಗಳಲ್ಲಿ ಯಾವುದಾದರೂ ಆದೀತು. ದೊಡ್ಡ ಗಟ್ಟಿಗೆ ಉಕ್ಕಿನ ಎಳೆ ವಾಸಿ, ನೈಲಾನ್ ಹಿಗ್ಗುತ್ತದೆ. ಎರಡು ತುದಿಗೂ ಕೋಟಿನ ದೊಡ್ಡ ಗುಂಡಿಯನ್ನೋ ಬೆರಳುದ್ದದ ಮರದ ತುಂಡನ್ನೋ ಕಟ್ಟಬೇಕು. ಹಿಡಿಯಿಲ್ಲದ ತಂತಿಯನ್ನು ಬೆರಳಿಗೆ ಸುತ್ತಿ ಎಳೆದರೆ ಮಣ್ಣಿಗಿಂತ ಮೊದಲು ಬೆರಳು ಕತ್ತರಿಸೀತು. ಎರಡು ಎಳೆಗಳನ್ನು ಹೊಸೆದು ಮಾಡಿದ ತಂತಿಯಿಂದ ಕತ್ತರಿಸಿದರೆ ಪಾತ್ರೆಯ ಬುಡದಲ್ಲಿ ಚಿಪ್ಪಿನಂಥ ಸುಂದರ ಗೆರೆಗಳು ಉಳಿಯುತ್ತವೆ.

ಸೂಜಿಗೆ ಗೋಣಿಚೀಲ ಹೊಲಿಯುವ ದಬ್ಬಣವೇ ಸಾಕು. ಅದರ ಕಣ್ಣಿನ ತುದಿಯನ್ನು ಬರೆದು ಮುಗಿದ ಪೆನ್ನಿನ ಕೊಳವೆಯೊಳಗಿಟ್ಟು, ಎಂ-ಸೀಲ್‌ನಂಥ ಗಟ್ಟಿಯಾಗುವ ಅಂಟನ್ನು ತುಂಬಿದರೆ ಹಿಡಿ ಸಿದ್ಧ. ತಿರುಗುವ ಪಾತ್ರೆಯ ಏರುಪೇರಾದ ಬಾಯಿಯನ್ನು ಸಮನಾಗಿ ಕತ್ತರಿಸಲು ಇದು ಬೇಕು. ತಳ ಎಷ್ಟು ದಪ್ಪವಿದೆ ಎಂದು ತಿಳಿಯಲೂ ಇದೇ ಉಪಾಯ: ಸೂಜಿಯನ್ನು ಕೆಳಗಿನ ಹಲಗೆ ತಾಗುವವರೆಗೆ ನೇರವಾಗಿ ಇಳಿಸಿ, ಮಣ್ಣಿನ ಮೇಲ್ಮೈಗೆ ಸರಿಯಾಗಿ ಬೆರಳಿಟ್ಟು ಹೊರತೆಗೆದರೆ ದಪ್ಪ ಕಣ್ಣಿಗೆ ಕಾಣುತ್ತದೆ. ರಂಧ್ರವನ್ನು ಬೆರಳಿನಿಂದ ಒತ್ತಿ ಮುಚ್ಚಿದರಾಯಿತು.

ನಯಗೊಳಿಸುವ ಪಟ್ಟಿಗಳು

ಇಂಗ್ಲಿಷಿನಲ್ಲಿ 'ರಿಬ್' ಎಂದು ಕರೆಯಲ್ಪಡುವ ಈ ಸಾಧನದ ಕೆಲಸ ಮೇಲ್ಮೈಯನ್ನು ನುಣುಪು ಮಾಡುವುದು ಮಾತ್ರ ಎಂದು ಹಲವರು ತಿಳಿದಿದ್ದಾರೆ. ಅದಕ್ಕಿಂತ ಮುಖ್ಯವಾಗಿ ಅದು ಮಣ್ಣನ್ನು ಒತ್ತಿ, ಮೇಲಿನ ನೀರನ್ನು ಸರಿಸಿ, ಕಣಗಳನ್ನು ಒಂದಕ್ಕೊಂದು ಹತ್ತಿರ ತರುತ್ತದೆ. ತಿಗುರಿಯಲ್ಲಿ ಮಾಡಿದ ಪಾತ್ರೆಯ ತಳದಲ್ಲಿ ಒಣಗುವಾಗ ಬಾಗಿದ ಬಿರುಕು ಕಾಣಿಸಿಕೊಳ್ಳುವುದಕ್ಕೆ ಒಂದು ಕಾರಣ, ತಳವನ್ನು ಸಾಕಷ್ಟು ಒತ್ತದಿರುವುದು. ಇನ್ನೊಂದು ಕಾರಣ, ಒಳಗೆ ನೀರನ್ನು ನಿಲ್ಲಲು ಬಿಡುವುದು.

ತೆಂಗಿನ ನಾಡಿನವರಿಗೆ ಇದಕ್ಕೆ ಕರಟಕ್ಕಿಂತ ಉತ್ತಮ ವಸ್ತು ಬೇರೆ ಬೇಕಿಲ್ಲ. ಚೆನ್ನಾಗಿ ಬಲಿತ ಕಾಯಿಯ ಕರಟವನ್ನು ಆರಿಸಿ, ಹೊರಗಿನ ನಾರನ್ನು ಗಾಜಿನ ಚೂರಿನಿಂದಲೋ ಚಾಕುವಿನಿಂದಲೋ ಹೆರೆದು ತೆಗೆಯಬೇಕು. ಬಳಿಕ ಸಣ್ಣ ಗರಗಸದಿಂದ ಗೋಡಂಬಿಯ ಆಕಾರದಲ್ಲಿ, ಅಂಗೈಯಲ್ಲಿ ಅಡಗುವಷ್ಟು ಗಾತ್ರಕ್ಕೆ ಕತ್ತರಿಸಿ, ಅಂಚನ್ನು ಮೊದಲು ಒರಟು, ನಂತರ ನಯವಾದ ಉಪ್ಪುಕಾಗದದಿಂದ ತಿಕ್ಕಬೇಕು. ಕರಟದ ಸಹಜವಾದ ಉಬ್ಬು ಬಟ್ಟಲಿನ ಒಳಮೈಗೆ ಹೇಳಿ ಮಾಡಿಸಿದಂತಿರುತ್ತದೆ. ಚಿಕ್ಕ ಕಾಯಿಯ ಕರಟ ಕುಡಿಕೆಗೆ, ದೊಡ್ಡದು ಅಗಲ ಬಟ್ಟಲಿಗೆ ಹೊಂದುತ್ತದೆ. ಹೀಗೆ ಬಾಗು ಬೇರೆಬೇರೆಯಾದ ನಾಲ್ಕಾರು ತುಂಡುಗಳನ್ನು ಒಂದೇ ಮಧ್ಯಾಹ್ನ ಮಾಡಿಟ್ಟುಕೊಳ್ಳಬಹುದು.

ಹೊರಮೈಗೆ ಬಾಗುವ ಪಟ್ಟಿ ಬೇಕಾಗುತ್ತದೆ. ಅವಧಿ ಮುಗಿದ ಎ.ಟಿ.ಎಂ. ಕಾರ್ಡು ಇದಕ್ಕೆ ಯೋಗ್ಯ. ಅದರ ಒಂದು ಅಂಚನ್ನು ನೇರವಾಗಿ ಬಿಟ್ಟು, ಇನ್ನೊಂದನ್ನು ಕಮಾನಿನಂತೆ ಕತ್ತರಿಸಿದರೆ ಎರಡು ಸಾಧನ ಒಂದರಲ್ಲಿಯೇ ದೊರೆತಂತಾಗುತ್ತದೆ. ಕಾರ್ಡಿನ ಅಂಚಿನಲ್ಲಿ ಪಾತ್ರೆಯ ಬಾಯಿಯ ಆಕಾರದ ಕಚ್ಚನ್ನು ಕತ್ತರಿಸಿಕೊಂಡರೆ ಹತ್ತು ಲೋಟಗಳಿಗೂ ಒಂದೇ ಬಗೆಯ ಅಂಚು ಬರುತ್ತದೆ. ಡಬ್ಬಿಯ ತಗಡಿನ ಮುಚ್ಚಳವನ್ನು ಕತ್ತರಿಸಿ ಬಳಸುವಂತೆ ಕೆಲವರು ಸೂಚಿಸುವುದುಂಟು. ಅದರ ಅಂಚು ಎಷ್ಟು ತಿಕ್ಕಿದರೂ ಕೈ ಕೊಯ್ಯುವ ಸಂಭವವಿರುವುದರಿಂದ ಮಕ್ಕಳ ಕೈಗೆ ಕೊಡುವಂಥದಲ್ಲ.

ಬಾಯಿಯ ಅಂಚನ್ನು ಕೊನೆಯಲ್ಲಿ ಮೃದುಗೊಳಿಸಲು ವಿದೇಶಗಳಲ್ಲಿ ಹದಮಾಡಿದ ತೆಳು ಚರ್ಮವನ್ನು ಬಳಸುತ್ತಾರೆ. ತೊಳೆದ ಹಾಲಿನ ಪ್ಯಾಕೆಟ್ಟಿನಿಂದ ಎರಡು ಬೆರಳಗಲದ ಪಟ್ಟಿ ಕತ್ತರಿಸಿ, ನೀರಿನಲ್ಲಿ ಅದ್ದಿ, ತಿರುಗುವ ಅಂಚಿನ ಮೇಲೆ ಮಡಚಿ ಹಿಡಿದರೆ ಅಷ್ಟೇ ನಯ ದೊರೆಯುತ್ತದೆ.

ಕೆರೆಯುವ ಸಾಧನಗಳು

ಚರ್ಮದ ಹದದ ಪಾತ್ರೆಯನ್ನು ಬೋರಲಾಗಿಟ್ಟು ಬುಡದ ಹೆಚ್ಚಿನ ಮಣ್ಣನ್ನು ತೆಗೆಯಲು ಕುಣಿಕೆಯಾಕಾರದ ಅಲಗು ಬೇಕು. ಕುಣಿಕೆಯ ನಡುವಿನಿಂದ ಕೆರೆದ ಮಣ್ಣು ಹೊರಬೀಳುವುದರಿಂದ ಅಲಗು ಕಟ್ಟಿಕೊಳ್ಳುವುದಿಲ್ಲ. ಮನೆಯಲ್ಲಿ ಮಾಡಬಹುದಾದ ಸಾಧನಗಳ ಪೈಕಿ ಸ್ವಲ್ಪ ಕೈಚಳಕ ಬೇಡುವುದು ಇದೊಂದೇ. ಆದರೆ ಅಂಗಡಿಯಲ್ಲಿ ಹೆಚ್ಚು ಬೆಲೆ ಕೊಡಬೇಕಾಗುವುದೂ ಇದಕ್ಕೇ.

ಸುಲಭವಾದ ವಿಧಾನವೆಂದರೆ ಸೈಕಲ್ ಕಡ್ಡಿಯದು. ಸುಮಾರು 2 ಮಿ.ಮೀ. ದಪ್ಪದ ಈ ಉಕ್ಕಿನ ಕಡ್ಡಿಯನ್ನು ಕಾಯಿಸದೆಯೇ ಬಗ್ಗಿಸಬಹುದು. ಒಂದು ಗೇಣಿನಷ್ಟು ಕಡ್ಡಿಯ ನಡುಭಾಗವನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿ, ದಪ್ಪ ಪೆನ್ನಿಗೆ ಸುತ್ತಿ ಕುಣಿಕೆಯಾಗಿಸಬೇಕು. ಎರಡು ತುದಿಗಳನ್ನು ಸೀಳಿದ ಬಿದಿರಿನ ತುಂಡಿನೊಳಗೆ ಸೇರಿಸಿ ತೆಳು ತಂತಿಯಿಂದ ಬಿಗಿಯಾಗಿ ಸುತ್ತಿ, ಚಪ್ಪಟೆಯಾದ ಭಾಗದ ಒಂದು ಬದಿಯನ್ನು ಮಾತ್ರ ಅರದಿಂದ ಓರೆಯಾಗಿ ಉಜ್ಜಬೇಕು. ಎರಡೂ ಬದಿ ಉಜ್ಜಿದರೆ ಅಲಗು ಮಣ್ಣಿನೊಳಕ್ಕೆ ಇಳಿಯುತ್ತದೆ, ಕೆರೆಯುವುದಿಲ್ಲ.

ಇದಕ್ಕಿಂತ ಗಟ್ಟಿಯಾದುದು ದೊಡ್ಡ ಪೆಟ್ಟಿಗೆಗಳಿಗೆ ಬಿಗಿಯುವ ಉಕ್ಕಿನ ಪಟ್ಟಿಯಿಂದ ಮಾಡಿದ ಸಾಧನ. ಅದನ್ನು ಸಹ ಹೀಗೆಯೇ ಬಗ್ಗಿಸಿ ಹಿಡಿಗೆ ಕಟ್ಟಬಹುದು. ತ್ರಿಕೋನ, ಚೌಕ, ಪೇರಳೆಹಣ್ಣಿನ ಆಕಾರ ಯಾವುದೂ ಸಾಧ್ಯ. ಮುರಿದ ಹ್ಯಾಕ್ಸಾ ಬ್ಲೇಡನ್ನು ಬಳಸುವವರೂ ಇದ್ದಾರೆ. ಆದರೆ ಸಾಮಾನ್ಯ ಹ್ಯಾಕ್ಸಾ ಬ್ಲೇಡು ಪೂರ್ತಿಯಾಗಿ ಗಡಸು ಮಾಡಿದ ಉಕ್ಕು. ಹಾಗೆಯೇ ಬಗ್ಗಿಸಹೋದರೆ ಪಟ್ಟನೆ ಮುರಿದು ಚೂರು ಕಣ್ಣಿಗೆ ಸಿಡಿಯಬಹುದು. ಬಗ್ಗಿಸಬೇಕಾದ ಭಾಗವನ್ನು ಕೆಂಪಗೆ ಕಾಯಿಸಿ ಬೂದಿಯಲ್ಲಿ ಹೂತು ನಿಧಾನವಾಗಿ ತಣಿಸಿದರೆ ಅದು ಮೆತುವಾಗುತ್ತದೆ. ಮಣ್ಣು ಕೆರೆಯುವ ಮಟ್ಟಿಗೆ ಆ ಗಡಸುತನ ಸಾಕು. ಈ ಕೆಲಸವನ್ನು ಹಿರಿಯರೇ, ಕನ್ನಡಕ ಧರಿಸಿ ಮಾಡಬೇಕು. ಬಗ್ಗಿಸದೆ ಹಾಗೆಯೇ ಇಟ್ಟುಕೊಂಡರೂ ಬ್ಲೇಡು ವ್ಯರ್ಥವಲ್ಲ: ಅದರ ಹಲ್ಲುಗಳ ಬದಿ ದಪ್ಪ ಮಣ್ಣನ್ನು ಬೇಗ ತೆಗೆಯುತ್ತದೆ, ಬೆನ್ನಿನ ಬದಿ ಆ ಗೀರುಗಳನ್ನು ಅಳಿಸುತ್ತದೆ.

ಕೆರೆಯಲು ಸಮಯ ಬಂದಿದೆಯೇ ಎಂಬುದನ್ನು ಮಣ್ಣೇ ಹೇಳುತ್ತದೆ. ಸೌತೆಕಾಯಿಯ ಸಿಪ್ಪೆಯಂತೆ ಉದ್ದಕ್ಕೆ ಸುರುಳಿಯಾಗಿ ಎದ್ದರೆ ಹದ ಸರಿಯಾಗಿದೆ. ಅಲಗಿಗೆ ಅಂಟಿಕೊಂಡರೆ ಇನ್ನೂ ಹಸಿ, ಪುಡಿಯಾಗಿ ಉದುರಿದರೆ ಹೊತ್ತು ಮೀರಿದೆ. 'ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ' ಎಂಬ ಗಾದೆಗೆ ದೊಣ್ಣೆಯೇ ಆಗಬೇಕೆಂದಿಲ್ಲ; ಹದ ತಪ್ಪಿದ ಪಾತ್ರೆಗೆ ಮೊಂಡಾದ ಅಲಗೂ ಸಾಕು.

ಹಾಳೆ, ಬತ್ತಿ ಮತ್ತು ಅಚ್ಚು

ತಿಗುರಿಯಿಲ್ಲದೆ ಕಲಿಯುವವರಿಗೆ ಮಣ್ಣಿನ ಹಾಳೆ ಮತ್ತು ಬತ್ತಿಗಳೇ ಆಧಾರ. ಹಾಳೆ ಲಟ್ಟಿಸಲು ಲಟ್ಟಣಿಗೆಯ ಬದಲು ಒಂದು ಮೊಳ ಪಿ.ವಿ.ಸಿ. ಕೊಳವೆ ಉತ್ತಮ, ಅಡುಗೆಮನೆಯ ಲಟ್ಟಣಿಗೆ ಅಲ್ಲಿಯೇ ಉಳಿಯಲಿ. ಹಳೆಯ ಹತ್ತಿಸೀರೆಯ ತುಂಡಿನ ಮೇಲೆ ಮಣ್ಣನ್ನಿಟ್ಟು, ಎರಡೂ ಬದಿಗೆ ಸುಮಾರು 7 ಮಿ.ಮೀ. ದಪ್ಪದ ಒಂದೇ ಅಳತೆಯ ಮರದ ಪಟ್ಟಿಗಳನ್ನಿರಿಸಿ, ಕೊಳವೆ ಆ ಪಟ್ಟಿಗಳ ಮೇಲೆಯೇ ಉರುಳುವಂತೆ ಲಟ್ಟಿಸಿದರೆ ಹಾಳೆ ಎಲ್ಲೆಡೆಯೂ ಒಂದೇ ದಪ್ಪಕ್ಕೆ ಬರುತ್ತದೆ. ದಪ್ಪ ಏರುಪೇರಾದ ಹಾಳೆ ಒಣಗುವಾಗ ಸೊಟ್ಟಗಾಗುವುದು ಖಂಡಿತ.

ಬತ್ತಿ ತೆಗೆಯಲು ಹಳೆಯ ಚಕ್ಕುಲಿ ಒರಳು ಬಹು ಉಪಯುಕ್ತ. ಕಲ್ಲುಹರಳಿಲ್ಲದ, ತುಸು ಮೆತ್ತಗಿನ ಮಣ್ಣನ್ನು ತುಂಬಿ ಒತ್ತಿದರೆ ಬಿಲ್ಲೆಯ ತೂತಿಗೆ ತಕ್ಕಂತೆ ನಕ್ಷತ್ರದ ಏಣುಗಳುಳ್ಳ ಬತ್ತಿಯೋ, ಗೊಂಬೆಯ ಕೂದಲಿಗೆ ಒಪ್ಪುವ ಸಣ್ಣ ಎಳೆಗಳೋ ಬರುತ್ತವೆ. ಗಟ್ಟಿ ಮಣ್ಣನ್ನು ಬಲವಂತವಾಗಿ ಒತ್ತಿದರೆ ಒರಳಿನ ಹಿಡಿಯೇ ಕಿತ್ತುಬರಬಹುದು. ತುಂಡುಗಳನ್ನು ಜೋಡಿಸುವಲ್ಲಿ ಎರಡೂ ಮೈಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದಲೋ ಮುರಿದ ಬಾಚಣಿಗೆಯಿಂದಲೋ ಗೀರಿ, ದೋಸೆಹಿಟ್ಟಿನ ಹದದ ಮಣ್ಣಿನ ರಾಡಿಯನ್ನು ಹಚ್ಚಬೇಕು. ಅದೇ ರಾಡಿಯನ್ನು ತೆಳು ಬಟ್ಟೆಯಲ್ಲಿ ಸೋಸಿ, ಖಾಲಿ ಮೆಹಂದಿ ಕೋನಿನಲ್ಲಿ ತುಂಬಿದರೆ ಪಾತ್ರೆಯ ಮೇಲೆ ಉಬ್ಬುಗೆರೆಗಳ ಚಿತ್ತಾರ ಬಿಡಿಸಬಹುದು.

ಅಲಂಕಾರಕ್ಕೆ ನಮ್ಮ ಮನೆಗಳಲ್ಲಿ ಇರುವಷ್ಟು ಅಚ್ಚುಗಳು ಬೇರೆಲ್ಲಿ ಇದ್ದಾವು! ರಂಗೋಲಿಯ ಕೊಳವೆಯನ್ನು ಹಸಿ ಹಾಳೆಯ ಮೇಲೆ ಉರುಳಿಸಿದರೆ ಚುಕ್ಕಿಗಳ ಸಾಲು, ಬಳೆಯನ್ನು ಒತ್ತಿದರೆ ಅಚ್ಚುಕಟ್ಟಾದ ವರ್ತುಲ. ಸಂಕ್ರಾಂತಿಯ ಸಕ್ಕರೆ ಅಚ್ಚಿನ ಮರದ ಪಡಿಯಚ್ಚುಗಳಲ್ಲಿ ಮಣ್ಣನ್ನು ಒತ್ತಿ ಹೂವು, ಹಕ್ಕಿ, ತೇರುಗಳ ಉಬ್ಬುಚಿತ್ರ ತೆಗೆದು ಪಾತ್ರೆಗೆ ಅಂಟಿಸಬಹುದು. ಒತ್ತುವ ಮೊದಲು ಸೋಸಿದ ಬೂದಿಯನ್ನು ಉದುರಿಸಿದರೆ ಮಣ್ಣು ಅಂಟುವುದಿಲ್ಲ. ಮನೆತನದಲ್ಲಿ ಬಂದ ಹಳೆಯ ಅಚ್ಚನ್ನು ಮಾತ್ರ ಪದೇ ಪದೇ ಹೀಗೆ ಒದ್ದೆ ಮಾಡಬಾರದು, ಮರ ಉಬ್ಬಿ ಸೀಳುತ್ತದೆ. ಒಮ್ಮೆ ಮಾತ್ರ ಮಣ್ಣಿನಲ್ಲಿ ಪ್ರತಿ ತೆಗೆದು, ಒಣಗಿಸಿ, ಊರಿನ ಕುಂಬಾರರ ಆವಿಗೆಯಲ್ಲಿ ಸುಡಿಸಿಕೊಂಡರೆ ಅದೇ ಮುದ್ರೆಯಾಗಿ ಬಹುಕಾಲ ಬರುತ್ತದೆ. ಮುದ್ರೆಯಲ್ಲಿ ಅಕ್ಷರಗಳನ್ನು ಕೊರೆಯುವುದಾದರೆ ಕನ್ನಡಿಯಲ್ಲಿ ಕಾಣುವಂತೆ ತಿರುಗಿಸಿ ಕೊರೆಯಬೇಕು.

ತಟ್ಟುವ ಹಲಗೆ ಮತ್ತು ತಿರುಗುಮಣೆ

ಮಕ್ಕಳ ಹಳೆಯ ಕ್ರಿಕೆಟ್ ಬ್ಯಾಟು ಅಥವಾ ಅಗಲವಾದ ಮರದ ಸೌಟು ತಟ್ಟುವ ಹಲಗೆಯಾಗುತ್ತದೆ. ಅದಕ್ಕೆ ಸೆಣಬಿನ ಹುರಿ ಸುತ್ತಿದರೆ ತಟ್ಟುವಾಗಲೇ ಹಗ್ಗದ ವಿನ್ಯಾಸ ಮೂಡುತ್ತದೆ. ಒಳಗಿನಿಂದ ಆನಿಸಲು ನುಣುಪಾದ ಹೊಳೆಗಲ್ಲಿರಲಿ.

ಕೈಯಿಂದ ಮಾಡುವ ಪಾತ್ರೆಯನ್ನು ಸುತ್ತಲೂ ನೋಡುತ್ತ ಕೆಲಸ ಮಾಡಲು ತಿರುಗುಮಣೆ ಬೇಕು. ಅಂಚುಳ್ಳ ಸಮತಟ್ಟಾದ ಸ್ಟೀಲ್ ತಟ್ಟೆಯಲ್ಲಿ ಒಂದೇ ಗಾತ್ರದ ಗೋಲಿಗಳನ್ನು ಒಂದು ಪದರವಾಗಿ ಹರಡಿ, ಮೇಲೆ ಚಪ್ಪಟೆ ತಟ್ಟೆಯನ್ನಿಟ್ಟರೆ ಅದು ಸರಾಗವಾಗಿ ತಿರುಗುತ್ತದೆ. ನಡುವೆ ಕೀಲಿಲ್ಲದ ಕಾರಣ ಆಚೀಚೆ ಸರಿಯುತ್ತದೆ, ಆದ್ದರಿಂದ ಇದು ತಿಗುರಿಗೆ ಬದಲಿಯಲ್ಲ.

ಅಳತೆಯ ಸಾಧನಗಳು

ಜಪಾನಿನ ಕುಂಬಾರರು ಬಟ್ಟಲಿನ ಆಳ ಮತ್ತು ಅಗಲಗಳನ್ನು ಒಟ್ಟಿಗೆ ಅಳೆಯಲು ಶಿಲುಬೆಯಾಕಾರದ ಬಿದಿರು ಕಡ್ಡಿಯನ್ನು ಬಳಸುತ್ತಾರೆ. ನಮ್ಮ ಮಕ್ಕಳು ಏರೋಪ್ಲೇನ್ ಚಿಟ್ಟೆ ಎನ್ನುವ ಕೀಟದಂತೆ ಕಾಣುವುದರಿಂದ ಆ ಕೀಟದ ಹೆಸರಾದ 'ಟೊಂಬೊ' ಎಂಬುದೇ ಇದಕ್ಕೂ ಬಂದಿದೆ. ನಿಂತ ಕಡ್ಡಿ ಆಳವನ್ನೂ ಅಡ್ಡ ಕಡ್ಡಿ ಬಾಯಿಯ ಅಗಲವನ್ನೂ ತೋರಿಸುತ್ತದೆ. ಎರಡು ಬಿದಿರು ಕಡ್ಡಿಗಳನ್ನು ದಾರದಿಂದ ಕಟ್ಟಿದರೆ ಇದು ಸಿದ್ಧ. ಒಂದೇ ಅಳತೆಯ ಬಟ್ಟಲುಗಳನ್ನು ಮಾಡಲು ಬೇರೆ ಮಾಪನ ಬೇಕಾಗುವುದಿಲ್ಲ.

ಮಣ್ಣು ಒಣಗುವಾಗಲೂ ಸುಡುವಾಗಲೂ ಕುಗ್ಗುತ್ತದೆ, ಮತ್ತು ಪ್ರತಿ ಊರಿನ ಮಣ್ಣಿನ ಕುಗ್ಗುವಿಕೆ ಬೇರೆ. ಇದನ್ನು ತಿಳಿಯಲು ಹಸಿಮಣ್ಣಿನ ಪಟ್ಟಿಯ ಮೇಲೆ ಸರಿಯಾಗಿ 10 ಸೆಂ.ಮೀ. ಗೆರೆ ಎಳೆದು ಒಣಗಿಸಿ ಸುಡಬೇಕು. ಸುಟ್ಟ ಮೇಲೆ ಅದು 9 ಸೆಂ.ಮೀ. ಆದರೆ ಕುಗ್ಗುವಿಕೆ ಶೇಕಡಾ 10. ಆಗ ಸುಟ್ಟ ಬಳಿಕ 18 ಸೆಂ.ಮೀ. ಅಗಲವಿರಬೇಕಾದ ತಟ್ಟೆಯನ್ನು ಹಸಿಯಲ್ಲಿ 20 ಸೆಂ.ಮೀ. ಮಾಡಬೇಕಾಗುತ್ತದೆ. ಮುಚ್ಚಳ ಹೊಂದದಿರುವ ತೊಂದರೆಗೆ ಈ ಪಟ್ಟಿಯೇ ಅಗ್ಗದ ಮದ್ದು. ಶಾಲೆಗಳಲ್ಲಿ ಶೇಕಡಾವಾರು ಲೆಕ್ಕ ಕಲಿಸಲೂ ಇದು ಒಳ್ಳೆಯ ಉದಾಹರಣೆ.

ನೀರು ಹೀರುವ ಹಲಗೆ

ತೀರ ಒದ್ದೆಯಾದ ಮಣ್ಣನ್ನು ಹದಕ್ಕೆ ತರಲು ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಹಲಗೆ ಎರಕಹೊಯ್ದು ಬಳಸುವುದು ರೂಢಿ. ಇದರಲ್ಲಿ ಎರಡು ಅಪಾಯಗಳಿವೆ. ಗಟ್ಟಿಯಾಗುವಾಗ ಪ್ಲಾಸ್ಟರ್ ಬಿಸಿಯಾಗುವುದರಿಂದ ಅದರಲ್ಲಿ ಕೈ ಹುದುಗಿಸಿಡಬಾರದು, ಸುಟ್ಟಗಾಯಗಳಾಗುತ್ತವೆ. ಇನ್ನೊಂದು, ಅದರ ಚೂರು ಮಣ್ಣಿಗೆ ಬೆರೆತರೆ ಸುಟ್ಟ ಪಾತ್ರೆಯಲ್ಲಿ ಮುಂದೆ ತೇವ ಹೀರಿ ಉಬ್ಬಿ, ಹೊರಮೈಯನ್ನು ಒಡೆದು ಚಕ್ಕೆ ಎಬ್ಬಿಸುತ್ತದೆ. ಕರಾವಳಿ, ಮಲೆನಾಡುಗಳ ಮನೆಗಳಲ್ಲಿ ಇದಕ್ಕೆ ಒಳ್ಳೆಯ ಬದಲಿಯಿದೆ. ಬಾಸೆಲ್ ಮಿಶನ್ನಿನವರು 1865ರಲ್ಲಿ ಕಾರ್ಖಾನೆ ತೆರೆದು ಪ್ರಚಾರಕ್ಕೆ ತಂದ ಮಂಗಳೂರು ಹೆಂಚು ಮೆರುಗಿಲ್ಲದ ಸುಟ್ಟ ಮಣ್ಣೇ ಆದುದರಿಂದ ನೀರನ್ನು ಚೆನ್ನಾಗಿ ಹೀರುತ್ತದೆ. ಮಾಡು ಬದಲಿಸುವಾಗ ಮೂಲೆಗೆ ಬಿದ್ದ ಹೆಂಚುಗಳನ್ನು ತೊಳೆದು, ಒಣಗಿಸಿ, ಬಟ್ಟೆ ಹಾಸಿ ಮಣ್ಣನ್ನು ಹರಡಿದರೆ ಕೆಲಸ ಸಾಗುತ್ತದೆ.

ಎಚ್ಚರಿಕೆಗಳು

ಒಮ್ಮೆ ಮಣ್ಣಿಗೆ, ಅದರಲ್ಲೂ ಮೆರುಗಿನ ದ್ರವಕ್ಕೆ, ಬಳಸಿದ ಪಾತ್ರೆ, ಚಮಚ, ಒರಳುಗಳು ಅಡುಗೆಗೆ ಹಿಂತಿರುಗಬಾರದು. ಮೆರುಗುಗಳಲ್ಲಿ ಸೀಸ ಮೊದಲಾದ ವಿಷಕಾರಿ ಲೋಹಗಳು ಇರಬಹುದು. ಇಂಥ ವಸ್ತುಗಳಿಗೆ ಕೆಂಪು ಬಣ್ಣದ ಗುರುತು ಹಾಕಿ ಪ್ರತ್ಯೇಕ ಪೆಟ್ಟಿಗೆಯಲ್ಲಿಡುವುದು ಕ್ಷೇಮ.

ಜೇಡಿಮಣ್ಣಿನ ಒಣ ಧೂಳಿನಲ್ಲಿರುವ ಸೂಕ್ಷ್ಮ ಸಿಲಿಕಾ ವರ್ಷಗಟ್ಟಲೆ ಉಸಿರಿನೊಂದಿಗೆ ಸೇರಿದರೆ ಸಿಲಿಕೋಸಿಸ್ ಎಂಬ ಗುಣವಾಗದ ಶ್ವಾಸಕೋಶದ ಕಾಯಿಲೆ ಬರುತ್ತದೆ. ಕೆಲಸದ ಜಾಗವನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಒಣಗಿದ ಪಾತ್ರೆಯನ್ನು ಉಪ್ಪುಕಾಗದದಿಂದ ತಿಕ್ಕುವ ಬದಲು ಒದ್ದೆ ಸ್ಪಂಜಿನಿಂದ ಸವರಬೇಕು. ಸತು ಲೇಪಿಸಿದ ಜಿ.ಐ. ತಂತಿಯನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಬಾರದು, ಅದರಿಂದ ಏಳುವ ಹೊಗೆ ಜ್ವರ ಬರಿಸುವಂಥದು. ಪಾತ್ರೆ ತಿಕ್ಕುವ ಉಕ್ಕಿನ ನಾರನ್ನು ಮಣ್ಣಿನ ಹತ್ತಿರಕ್ಕೂ ತರಬಾರದು. ಅದರ ಎಳೆ ಮಣ್ಣಿನಲ್ಲಿ ಸೇರಿದರೆ ಮುಂದೆ ನಾದುವವರ ಅಂಗೈಗೆ ಚುಚ್ಚುತ್ತದೆ.

ಉಕ್ಕಿನ ಸಾಧನಗಳನ್ನು ಒರೆಸಿ ಒಂದು ಹನಿ ಕೊಬ್ಬರಿ ಎಣ್ಣೆ ಸವರಿಡಬೇಕು. ಕೆಂಪುಮಣ್ಣಿಗೆ ತುಕ್ಕಿನಿಂದ ಹಾನಿಯಿಲ್ಲ, ಅದರ ಬಣ್ಣವೇ ಕಬ್ಬಿಣದ್ದು. ಆದರೆ ಬಿಳಿ ಮಣ್ಣಿನಲ್ಲಿ ತುಕ್ಕಿನ ಕಣ ಕಂದು ಚುಕ್ಕೆಯಾಗಿ ಉಳಿಯುತ್ತದೆ. ಕೈ ಮತ್ತು ಸಾಧನಗಳನ್ನು ಬಚ್ಚಲಿನಲ್ಲಿ ತೊಳೆದರೆ ಮಣ್ಣು ಕೊಳವೆಯಲ್ಲಿ ಕೂತು ಕಟ್ಟಿಕೊಳ್ಳುತ್ತದೆ. ಬಕೆಟಿನಲ್ಲಿ ತೊಳೆದು ರಾತ್ರಿಯಿಡೀ ಬಿಟ್ಟು, ಮೇಲಿನ ತಿಳಿನೀರನ್ನು ಗಿಡಗಳಿಗೆ ಹಾಕಿ, ತಳದ ಮಣ್ಣನ್ನು ಹೆಂಚಿನ ಮೇಲೆ ಹರಡಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಮೆರುಗು ತೊಳೆದ ನೀರನ್ನು ಮಾತ್ರ ಇದರೊಂದಿಗೆ ಬೆರೆಸಬಾರದು, ಗಿಡಕ್ಕೂ ಹಾಕಬಾರದು.